ಪಾಚಿಗೂ ಒಂದು ಲೆಕ್ಕ ಬೇಕು: ಮಂಡ್ಯ ಸೀಮೆಯ ನೀರಿನ ಹಸಿರನ್ನು ಅಳೆಯುವ ಬಗೆ

ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ನೀರು ಎಷ್ಟು ಅಡಿ ಇದೆ ಎಂದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೈತರನ್ನು ಕೇಳಿದರೆ ತಡವರಿಸದೆ ಹೇಳುತ್ತಾರೆ. 124.80 ಅಡಿ ತುಂಬಿದ ದಿನ ಸಂಭ್ರಮ, ನೂರು ಅಡಿಗಿಂತ ಕೆಳಗಿಳಿದರೆ ಆತಂಕ. ಒಳಹರಿವು ಎಷ್ಟು, ನಾಲೆಗೆ ಬಿಟ್ಟದ್ದು ಎಷ್ಟು ಕ್ಯೂಸೆಕ್ ಎಂಬ ಅಂಕಿಗಳು ದಿನವೂ ಪತ್ರಿಕೆಯಲ್ಲಿ ಬರುತ್ತವೆ. ನೀರಿನ ಪ್ರಮಾಣದ ಮೇಲೆ ಇಷ್ಟು ನಿಗಾ ಇಟ್ಟಿರುವ ನಾವು ಆ ನೀರಿನಲ್ಲಿ ಏನು ಬೆಳೆಯುತ್ತಿದೆ ಎಂಬುದನ್ನು ಮಾತ್ರ ಅಳೆಯುವುದಿಲ್ಲ. ಕಟ್ಟೆಯಿಂದ ನಾಲೆಗೆ ಇಳಿದು, ಗದ್ದೆ ದಾಟಿ, ಕೆರೆ ಸೇರಿ, ಶಿಂಷೆಯ ಮೂಲಕ ಮರಳಿ ಕಾವೇರಿಗೆ ಸೇರುವವರೆಗೆ ನೀರು ಹೋದಲ್ಲೆಲ್ಲ ಕಲ್ಲು, ಕಾಂಕ್ರೀಟು, ಕೆಸರಿನ ಮೇಲೆ ಪಾಚಿ ಬೆಳೆಯುತ್ತದೆ. ಮೆಟ್ಟಿಲಲ್ಲಿ ಕಾಲು ಜಾರಿದಾಗ, ಕೆರೆ ಹಸಿರಾಗಿ ಮೀನು ತೇಲಿದಾಗ ಮಾತ್ರ ಅದರ ನೆನಪಾಗುತ್ತದೆ.

ಎಷ್ಟು ಪಾಚಿ ಇದೆ, ಅದು ಯಾವ ಬಗೆಯದು, ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ? ಕೇಳಲು ಸರಳವಾದ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಕಷ್ಟ. ಜಗತ್ತಿನಲ್ಲಿ ಇವುಗಳ ಜೊತೆ ಅತಿ ಹೆಚ್ಚು ಗುದ್ದಾಡಿದವರು ಹವಳದ ದಿಬ್ಬಗಳನ್ನು ಅಧ್ಯಯನ ಮಾಡುವ ಕಡಲ ವಿಜ್ಞಾನಿಗಳು. ಅವರು ಕಲಿತದ್ದು ನಮ್ಮ ನಾಲೆ, ಕೆರೆ, ಹೊಳೆಗಳಿಗೂ ನೇರವಾಗಿ ಅನ್ವಯಿಸುತ್ತದೆ ಎಂಬ ನಂಬಿಕೆಯಿಂದ ಈ ಸಮೀಕ್ಷೆ.

ಹವಳದ ದಿಬ್ಬಗಳು ಕಲಿಸಿದ್ದು

ಹವಳದ ದಿಬ್ಬವನ್ನು ಕಟ್ಟುವುದು ಹವಳದ ಹುಳು ಮಾತ್ರ ಎಂಬುದು ಸಾಮಾನ್ಯ ತಿಳಿವಳಿಕೆ. ಹವಳದ ದಿಬ್ಬಗಳು ರೂಪುಗೊಂಡ ಬಗೆಯ ಕುರಿತ ಡಾರ್ವಿನ್ ಸಿದ್ಧಾಂತವನ್ನು ಪರೀಕ್ಷಿಸಲು 1896ರಿಂದ 1898ರವರೆಗೆ ಲಂಡನ್ನಿನ ರಾಯಲ್ ಸೊಸೈಟಿ ಪೆಸಿಫಿಕ್ ಸಾಗರದ ಫುನಾಫುಟಿ ದ್ವೀಪದಲ್ಲಿ ಆಳವಾದ ಕೊಳವೆ ಕೊರೆಸಿತು. ಮೇಲೆ ಬಂದ ಕಲ್ಲಿನಲ್ಲಿ ಹವಳದ ಜೊತೆಗೆ ಸುಣ್ಣ ಕಟ್ಟುವ ಪಾಚಿಗಳ ಪಾಲೂ ದೊಡ್ಡದಾಗಿತ್ತು. ಇಂಥ ಪಾಚಿಗಳಲ್ಲಿ ಒಂದು ಗುಂಪು ಕಲ್ಲಿನ ಮೇಲೆ ನಸುಗೆಂಪು ಬಣ್ಣದ ಗಟ್ಟಿ ಪದರವಾಗಿ ಹಬ್ಬುತ್ತದೆ. ಕೆಂಪು ಪಾಚಿಯ ಕುಲಕ್ಕೆ ಸೇರಿದ ಇದು ಹವಳದ ಚೂರುಗಳನ್ನು ಗಾರೆಯಂತೆ ಬೆಸೆಯುತ್ತದೆ. ನೀರಿನಲ್ಲಿ ತೇಲಿ ಬರುವ ಹವಳದ ಮರಿಗಳು ನೆಲೆಯೂರಲು ಇದರ ಮೇಲ್ಮೈಯನ್ನು ಹುಡುಕುತ್ತವೆ. ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವ ಈ ಪದರ ಇದ್ದರೆ ದಿಬ್ಬಕ್ಕೆ ಆಯಸ್ಸು ಎನ್ನಬಹುದು.

ಅದೇ ದಿಬ್ಬದಲ್ಲಿ ಬೇರೆ ಪಾಚಿಗಳೂ ಇರುತ್ತವೆ. ಗರಿಕೆಯಷ್ಟು ಗಿಡ್ಡಗೆ ಬೆಳೆದು ಹೂಳನ್ನು ಹಿಡಿದಿಟ್ಟುಕೊಳ್ಳುವವು ಒಂದು ಬಗೆ, ಎಲೆಯಂತೆ ಹರಡಿ ಹವಳಕ್ಕೆ ಬೆಳಕು ತಪ್ಪಿಸುವವು ಇನ್ನೊಂದು ಬಗೆ. ಕೆರಿಬಿಯನ್ ಸಮುದ್ರದಲ್ಲಿ 1983–84ರಲ್ಲಿ ಪಾಚಿ ಮೇಯುವ ಕಪ್ಪು ಮುಳ್ಳುಕಡಲಚೆಂಡುಗಳು ರೋಗ ಬಂದು ಸಾಮೂಹಿಕವಾಗಿ ಸತ್ತವು. ಪಾಚಿ ಮೇಯುವ ಮೀನುಗಳನ್ನು ಮೊದಲೇ ಮಿತಿಮೀರಿ ಹಿಡಿಯಲಾಗಿತ್ತು. ಜಮೈಕಾದ ದಿಬ್ಬಗಳಲ್ಲಿ 1970ರ ದಶಕದ ಕೊನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಹವಳದ್ದಾಗಿದ್ದರೆ, 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತಲೂ ಕಡಿಮೆ ಉಳಿಯಿತು. ಎಲೆಪಾಚಿ ಶೇ 4ರಿಂದ ಶೇ 90 ದಾಟಿತು. ಲೆಕ್ಕ ಇಟ್ಟಿದ್ದರಿಂದ ಈ ಬದಲಾವಣೆ ಜಗತ್ತಿಗೆ ಗೊತ್ತಾಯಿತು.

ಸಮೀಕ್ಷೆಯ ನಮೂನೆಯಲ್ಲಿ ‘ಪಾಚಿ’ ಎಂಬ ಒಂದೇ ಅಂಕಣವಿದ್ದರೆ ಏನಾಗುತ್ತಿತ್ತು? ದಿಬ್ಬ ಕಟ್ಟುವ ಪಾಚಿಯೂ ದಿಬ್ಬ ಮುಗಿಸುವ ಪಾಚಿಯೂ ಒಂದೇ ಮೊತ್ತದಲ್ಲಿ ಸೇರಿ ಲೆಕ್ಕಕ್ಕೆ ಅರ್ಥವೇ ಇರುತ್ತಿರಲಿಲ್ಲ. ಪಹಣಿಯಲ್ಲಿ ಕಬ್ಬು, ಭತ್ತ, ಕಳೆ ಮೂರನ್ನೂ ‘ಬೆಳೆ’ ಎಂದು ಬರೆದರೆ ಆಗುವ ಅನಾಹುತವೇ ಅದು. ಎಷ್ಟಿದೆ ಎಂದು ಕೇಳುವ ಮೊದಲು ಯಾವ ರೂಪದಲ್ಲಿದೆ, ಯಾವುದರ ಮೇಲಿದೆ ಎಂದು ಕೇಳಬೇಕು. ಇದು ಹವಳದ ದಿಬ್ಬಗಳು ಕಲಿಸಿದ ಮುಖ್ಯ ಪಾಠ.

ಗದ್ದೆಯಲ್ಲಿ: ಮಿತ್ರನಾಗಿ

ನಮ್ಮ ಸೀಮೆಯಲ್ಲಿ ಪಾಚಿಯ ಒಳ್ಳೆಯ ಮುಖ ಕಾಣುವುದು ಭತ್ತದ ಗದ್ದೆಯಲ್ಲಿ. ನಿಂತ ನೀರಿನ ಗದ್ದೆಯಲ್ಲಿ ಗೊಬ್ಬರ ಹಾಕದೆಯೂ ವರ್ಷ ವರ್ಷ ಒಂದಿಷ್ಟು ಬೆಳೆ ಬರುವುದಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಬಂಗಾಳದ ಪಿ.ಕೆ. ಡೇ ಅವರು 1939ರಲ್ಲಿ ಉತ್ತರ ಕೊಟ್ಟರು: ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುದು ನೀಲಿ-ಹಸಿರು ಪಾಚಿ. ಅನಬೀನಾ, ನಾಸ್ಟಾಕ್, ಆಲೋಸಿರಾ, ಟಾಲಿಪೊಥ್ರಿಕ್ಸ್ ಮೊದಲಾದವು ಈ ಗುಂಪಿನವು. ಇವುಗಳನ್ನು ಜೈವಿಕ ಗೊಬ್ಬರವಾಗಿ ಬೆಳೆಸುವ ಕೆಲಸ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ.ಎಸ್. ವೆಂಕಟರಾಮನ್ ಅವರ ಮುಂದಾಳತ್ವದಲ್ಲಿ ನಡೆಯಿತು. ಅನುಕೂಲ ಪರಿಸ್ಥಿತಿಯಲ್ಲಿ ಒಂದು ಹಂಗಾಮಿಗೆ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ಸಿಗುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಎಕರೆಗೆ ಲೆಕ್ಕ ಹಾಕಿದರೆ 45 ಕಿಲೋ ಯೂರಿಯಾ ಮೂಟೆಯ ಸುಮಾರು ಅರ್ಧ.

ಈ ಪಾಚಿಯನ್ನು ಅಳೆಯುವುದು ಎಷ್ಟು ತೊಡಕಿನ ಕೆಲಸ ಎಂಬುದಕ್ಕೆ ಗದ್ದೆಯೇ ಸಾಕ್ಷಿ. ನಾಟಿಯಾದ ವಾರದೊಳಗೆ ಕೆಸರಿನ ಮೇಲೆ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡಿದರೆ ನೀರು ತಿಳಿಯಾಗಿ, ಪಾಚಿಯೇ ಇಲ್ಲದಂತೆ ಕಾಣುತ್ತದೆ. ಬಿಸಿಲೇರಿದಂತೆ ಪಾಚಿ ಬಿಡುವ ಆಮ್ಲಜನಕದ ಗುಳ್ಳೆಗಳು ಪದರದ ಅಡಿಯಲ್ಲೇ ಸಿಕ್ಕಿಕೊಂಡು ಅದನ್ನು ಮೇಲಕ್ಕೆತ್ತುತ್ತವೆ. ನಡು ಮಧ್ಯಾಹ್ನದ ಹೊತ್ತಿಗೆ ಅಂಗೈಯಗಲದ ಚೂರುಗಳು ತಳದಿಂದ ಎದ್ದು, ಅಡಿಯಲ್ಲಿ ಮಣ್ಣು ಮೆತ್ತಿಕೊಂಡೇ ತೇಲುತ್ತವೆ. ಗಾಳಿ ಬೀಸಿದ ಕಡೆಗೆ ಸರಿದು ಗದ್ದೆಯ ಒಂದು ಮೂಲೆಯಲ್ಲಿ ಗುಂಪಾಗುತ್ತವೆ. ಬೆಳಿಗ್ಗೆ ಅಳೆದವರಿಗೂ ಮಧ್ಯಾಹ್ನ ಅಳೆದವರಿಗೂ, ಮೂಲೆಯಲ್ಲಿ ಅಳೆದವರಿಗೂ ನಡುವೆ ಅಳೆದವರಿಗೂ ಒಂದೇ ದಿನ ಒಂದೇ ಗದ್ದೆಯಲ್ಲಿ ಬೇರೆ ಬೇರೆ ಉತ್ತರ ಸಿಗುತ್ತದೆ. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1980ರಲ್ಲಿ ಪ್ರಕಟಿಸಿದ, ರೋಜರ್ ಮತ್ತು ಕುಲಸೂರಿಯ ಬರೆದ ಭತ್ತ ಹಾಗೂ ನೀಲಿ-ಹಸಿರು ಪಾಚಿಯ ಪುಸ್ತಕ ಈ ಕ್ಷೇತ್ರದಲ್ಲಿ ಇಂದಿಗೂ ಮುಖ್ಯವಾದದ್ದು. ಹೀಗೆ ಚದುರಿ ಬೆಳೆಯುವುದನ್ನು ಅಳೆಯಲು ಒಂದೆರಡು ಮಾದರಿ ಸಾಲದು. ಗದ್ದೆಯ ಹಲವು ಕಡೆಯಿಂದ ಸಣ್ಣ ಸಣ್ಣ ಮಾದರಿ ತೆಗೆದು ಒಟ್ಟುಗೂಡಿಸಬೇಕು.

ಯೂರಿಯಾ ಹೆಚ್ಚು ಸುರಿದಲ್ಲಿ ಸಾರಜನಕ ಹಿಡಿಯುವ ಪಾಚಿ ಆ ಕೆಲಸ ನಿಲ್ಲಿಸುತ್ತದೆ. ಹಸಿರು ಪಾಚಿ ಅದರ ಜಾಗ ಹಿಡಿಯುತ್ತದೆ. ಕಣ್ಣಿಗೆ ಗದ್ದೆ ಮೊದಲಿನಷ್ಟೇ ಹಸಿರು, ಆದರೆ ರೈತನಿಗೆ ಲಾಭವಿಲ್ಲ. ರೂಪ ನೋಡದೆ ಹಸಿರನ್ನು ಮಾತ್ರ ಅಳೆದರೆ ಆಗುವ ನಷ್ಟವಿದು.

ನಾಲೆಯಲ್ಲಿ: ನೀರಿಗೆ ಅಡ್ಡವಾಗಿ

ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್., ಕಟ್ಟುವ ಕೆಲಸ 1911ರಲ್ಲಿ ಶುರುವಾಯಿತು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಮಳೆ ನಂಬಿದ ಹೊಲಗಳು ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು. ಅಂದಿನಿಂದ ಇಂದಿನವರೆಗೆ ಈ ನಾಲೆಯ ದೊಡ್ಡ ದೂರು ಒಂದೇ: ಕೊನೆಯ ಭಾಗದವರಿಗೆ ನೀರು ತಲುಪುವುದಿಲ್ಲ. ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರು ಇದಕ್ಕಾಗಿ ಎಷ್ಟು ಸಲ ರಸ್ತೆಗಿಳಿದಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಮೇಲ್ಭಾಗದವರು ಹೆಚ್ಚು ಎಳೆದುಕೊಳ್ಳುವುದು, ಹೂಳು, ಒಡೆದ ಏರಿ, ಜೊಂಡು, ಹೀಗೆ ಕಾರಣಗಳು ಹಲವು. ಪಾಚಿಯ ಪಾಲೂ ಅದರಲ್ಲಿದೆ.

ಕಾಲುವೆಯಲ್ಲಿ ಹರಿಯುವ ನೀರಿನ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುವುದು ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ. ಅದರಲ್ಲಿ ಕಾಲುವೆಯ ಮೈಯ ಒರಟುತನಕ್ಕೆ ಒಂದು ಅಂಕವಿದೆ. ನಯವಾದ ಕಾಂಕ್ರೀಟಿಗೆ ಅದು ಸುಮಾರು 0.013ರಿಂದ 0.015. ಕೂದಲಿನಂಥ ಪಾಚಿ ಬೆಳೆದು ಒರಟುತನ 0.015ರಿಂದ 0.018ಕ್ಕೆ ಏರಿತು ಎಂದುಕೊಳ್ಳಿ. ಅದೇ ಆಳ, ಅದೇ ಇಳಿಜಾರಿನಲ್ಲಿ ಹರಿಯುವ ನೀರು ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಹೊತ್ತ ನೀರು ಅಷ್ಟೇ ಇರಬೇಕಾದರೆ ನಾಲೆಯಲ್ಲಿ ಮಟ್ಟ ಏರಬೇಕು. ಏರಿದ ಮಟ್ಟದಲ್ಲಿ ಮೇಲ್ಭಾಗದ ತೂಬುಗಳು ಹೆಚ್ಚು ನೀರು ಕುಡಿಯುತ್ತವೆ. ಎರಡೂ ರೀತಿಯಲ್ಲಿ ಕಷ್ಟ ಕೊನೆಯವರಿಗೇ.

ಕಾಂಕ್ರೀಟಿಗೆ ಅಂಟಿದ ಕಪ್ಪು ಗಟ್ಟಿ ಪದರ ನೀರಿಗೆ ಹೆಚ್ಚು ಅಡ್ಡಿ ಮಾಡುವುದಿಲ್ಲ. ಅಡ್ಡಿ ಮಾಡುವುದು ಉದ್ದದ ಎಳೆಪಾಚಿ. ಈ ನಾಲೆ ಹಾದುಹೋಗುವ ಹುಲಿಕೆರೆ ಸುರಂಗದ ನಡುವೆ ಬೆಳಕಿಲ್ಲದ್ದರಿಂದ ಪಾಚಿಯೂ ಬೆಳೆಯಲಾರದು. ಸುರಂಗದಿಂದ ಹೊರಬಿದ್ದ ನೀರಿಗೆ ಬಿಸಿಲು ತಾಗಿದೊಡನೆ ಬೆಳವಣಿಗೆಗೆ ದಾರಿ. ಕಟ್ಟು ಪದ್ಧತಿಯಲ್ಲಿ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸಿದಾಗ ಎಳೆಪಾಚಿ ಒಣಗಿ ಸಿಪ್ಪೆಯಂತೆ ಕಳಚುತ್ತದೆ, ಗಟ್ಟಿ ಪದರ ಒಣಗಿಯೂ ಜೀವ ಹಿಡಿದಿರುತ್ತದೆ. ನಾಲೆಯ ಪಾಚಿಯನ್ನು ಅಳೆಯುವವರು ಕಟ್ಟಿನ ಎಷ್ಟನೇ ದಿನ ಅಳೆದೆವು ಎಂದು ಬರೆದಿಡದಿದ್ದರೆ ಆ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ.

ಕೆರೆಯಲ್ಲಿ: ರೋಗದ ಸೂಚನೆಯಾಗಿ

ಹೆಚ್ಚು ಅಧ್ಯಯನ ಆಗಿರುವುದು ಕೆರೆಗಳ ಮೇಲೆ. ಧಾರವಾಡದ ಕೆರೆಗಳ ತೇಲುಪಾಚಿಯ ಬಗ್ಗೆ ಎಸ್.ಪಿ. ಹೊಸಮನಿ ಮತ್ತು ಎಸ್.ಜಿ. ಭಾರತಿ 1980ರಲ್ಲಿ ಪ್ರಕಟಿಸಿದ ಕೆಲಸ ಕರ್ನಾಟಕದಲ್ಲಿ ಮುಂದಿನವರಿಗೆ ಮಾದರಿಯಾಯಿತು. ಈ ಬಗೆಯ ಅಧ್ಯಯನಗಳಲ್ಲಿ ಹೆಚ್ಚು ಬಳಕೆಯಾಗುವುದು ಸಿ.ಎಂ. ಪಾಮರ್ 1969ರಲ್ಲಿ ಕೊಟ್ಟ ಮಾಲಿನ್ಯ ಸೂಚ್ಯಂಕ. ಕೊಳಚೆ ತಡೆದುಕೊಳ್ಳುವ 20 ಪಾಚಿ ಕುಲಗಳಿಗೆ ಒಂದರಿಂದ ಐದರವರೆಗೆ ಅಂಕ. ಯೂಗ್ಲೀನಾ, ಆಸಿಲಟೋರಿಯಾಗಳಿಗೆ ತಲಾ ಐದು. ಒಟ್ಟು 20 ಮುಟ್ಟಿದರೆ ನೀರಿನಲ್ಲಿ ಸಾವಯವ ಕೊಳಕು ಹೆಚ್ಚಿದೆ ಎಂದರ್ಥ. ಸೂಕ್ಷ್ಮದರ್ಶಕವೊಂದಿದ್ದರೆ ಕಾಲೇಜು ವಿದ್ಯಾರ್ಥಿಗಳೂ ಬಳಸಬಹುದಾದ ಸುಲಭದ ಸಾಧನವಿದು. ಆದರೆ ಒಂದೇ ಕುಲದ ಬೇರೆ ಬೇರೆ ಪ್ರಭೇದಗಳ ಗುಣ ಬೇರೆಯಾಗಿರುತ್ತದೆ. ಬೇರೆ ನಾಡುಗಳ ವರದಿಗಳಿಂದ ಕಟ್ಟಿದ ಅಂಕಪಟ್ಟಿ ನಮ್ಮ ಕೆರೆಗೆ ಹಾಗೆಯೇ ಒಪ್ಪುತ್ತದೆ ಎಂದುಕೊಳ್ಳುವಂತಿಲ್ಲ.

ಕೆರೆ ಹಸಿರಾಗುವ ಕಾರಣ ಈಗ ಸ್ಪಷ್ಟ. ಕೆನಡಾದ ಒಂದು ಸರೋವರವನ್ನು ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಪರದೆಯಿಂದ ಎರಡು ಪಾಲು ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ. ಒಂದಕ್ಕೆ ಮಾತ್ರ ರಂಜಕ. ರಂಜಕ ಸಿಕ್ಕ ಪಾಲು ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಕಬ್ಬು, ಭತ್ತಕ್ಕೆ ಹಾಕಿದ ಗೊಬ್ಬರದ ಬಸಿನೀರು, ಊರಿನ ಚರಂಡಿ, ಸಾಬೂನು ನೀರು ಎಲ್ಲವೂ ಇಳಿಜಾರಿನ ಕೆರೆಗೇ ಬಂದು ಬೀಳುವ ನಮ್ಮ ಸೀಮೆಗೆ ಈ ಪ್ರಯೋಗ ಹತ್ತಿರದ್ದು. ರಾತ್ರಿಯಿಡೀ ಪಾಚಿಯೇ ಆಮ್ಲಜನಕ ಉಸಿರಾಡಿ ಖಾಲಿ ಮಾಡುವುದರಿಂದ ಬೆಳಗಿನ ಜಾವಕ್ಕೆ ಮೀನುಗಳು ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಮೈಕ್ರೊಸಿಸ್ಟಿಸ್ ಜಾತಿಯ ಪಾಚಿ ಯಕೃತ್ತಿಗೆ ವಿಷವಾಗುವ ಪದಾರ್ಥವನ್ನೂ ಬಿಡಬಲ್ಲದು. ಕುಡಿಯುವ ನೀರಿನಲ್ಲಿ ಅದರ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 1 ಮೈಕ್ರೊಗ್ರಾಂ ಎಂದು ಗೊತ್ತುಮಾಡಿದೆ. ದನಕರು, ಕುರಿ ಅದೇ ನೀರು ಕುಡಿಯುತ್ತವೆ ಎಂಬುದನ್ನು ಮರೆಯಬಾರದು.

ತೇಲುವ ಪಾಚಿಯ ಮೇಲೆ ಇಷ್ಟು ಗಮನ ಹರಿದರೂ ಕಲ್ಲಿಗೆ ಅಂಟಿದ ಪಾಚಿ ಕಡೆಗಣನೆಗೆ ಒಳಗಾಗಿದೆ. ಹಳೆಯ ಕೆರೆಯ ಸೋಪಾನದ ಒಂದು ಕಲ್ಲನ್ನು ಹತ್ತಿರದಿಂದ ನೋಡಿದರೆ ಅದರ ಮೌಲ್ಯ ತಿಳಿಯುತ್ತದೆ. ನೀರಿನ ಅಂಚಿನಿಂದ ಮೇಲೆ, ಮಳೆಗಾಲದಲ್ಲಷ್ಟೇ ನೆನೆಯುವ ಭಾಗದಲ್ಲಿ ಟಾರು ಬಳಿದಂಥ ಕಪ್ಪು ಪದರ. ನಮ್ಮ ಬೆಟ್ಟದ ಬಂಡೆಗಳ ಮೇಲೆ, ಗುಡಿಯ ಗೋಡೆಗಳ ಮೇಲೆ ಮಳೆನೀರು ಇಳಿದ ಜಾಡಿನಲ್ಲಿ ಕಾಣುವ ಕಪ್ಪು ಪಟ್ಟೆಗಳೂ ಇದೇ ನೀಲಿ-ಹಸಿರು ಪಾಚಿಯವು. ಅದರ ಕೆಳಗೆ, ಅಲೆ ತಾಕುವ ಗೇಣಗಲದಲ್ಲಿ ಹಸಿರು ಎಳೆಗಳು. ಇನ್ನೂ ಕೆಳಗೆ, ಸದಾ ಮುಳುಗಿರುವಲ್ಲಿ ಬೆರಳಿಗೆ ಜಾರುವ ಕಂದು ಹಾವಸೆ. ಅದು ಗಾಜಿನಂಥ ಚಿಪ್ಪಿನ ಡಯಾಟಮ್‌ಗಳ ಗುಂಪು. ಹೂಳು ಕೂತಲ್ಲಿ ಏನೂ ಇಲ್ಲ. ತೇಲುವ ಪಾಚಿ ಗಾಳಿಗೆ, ಕೋಡಿಯ ನೀರಿಗೆ ಕೊಚ್ಚಿಹೋಗುತ್ತದೆ. ಕಲ್ಲಿಗೆ ಅಂಟಿದ್ದು ಅಲ್ಲೇ ಇದ್ದು ಹಲವು ವಾರಗಳ ನೀರಿನ ಗುಣವನ್ನು ಮೈಯಲ್ಲಿ ಹೊತ್ತಿರುತ್ತದೆ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಲೇ ಕುಂದೂರು ಬೆಟ್ಟದಲ್ಲಿ ಸರಣಿಯಾಗಿ ಕಟ್ಟೆಗಳನ್ನು ತೋಡಿಸಿದ್ದು ನಾಡಿಗೆ ಗೊತ್ತಿರುವ ಸಂಗತಿ. ಅವರು 2022ರಲ್ಲಿ ತೀರಿಕೊಂಡರು. ಅಚ್ಚುಕಟ್ಟಿನ ಬಸಿನೀರು ಸೇರದ ಬೆಟ್ಟದ ಕಟ್ಟೆಗಳು ನಮ್ಮ ಕಣ್ಣೆದುರಿಗಿರುವ ಹೋಲಿಕೆಯ ಮಾನದಂಡ. ಗೊಬ್ಬರ ಸೇರದ ನೀರಿನಲ್ಲಿ ಪಾಚಿ ಎಷ್ಟು, ಯಾವುದು ಎಂದು ಗೊತ್ತಾದರೆ ತಾನೇ ಕೆಳಗಿನ ಕೆರೆ ಎಷ್ಟು ಕೆಟ್ಟಿದೆ ಎಂದು ಹೇಳಲು ಸಾಧ್ಯ?

ಹೊಳೆಯ ಬಂಡೆಯಲ್ಲಿ: ಅನ್ನವಾಗಿ

ಶಿಂಷೆ ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಹಾದು ಶಿವನಸಮುದ್ರದಿಂದ ಕೆಳಗೆ ಕಾವೇರಿಯನ್ನು ಸೇರುತ್ತದೆ. ಹರಿವ ಹೊಳೆಯಲ್ಲಿ ತೇಲುಪಾಚಿ ನಿಲ್ಲುವುದಿಲ್ಲ. ಹೊಳೆಯ ಅನ್ನದ ದೊಡ್ಡ ಪಾಲು ಬಂಡೆಗೆ ಅಂಟಿದ ಪದರದಲ್ಲೇ ಇರುತ್ತದೆ. ಕಲ್ಲಿಗೆ ಬಾಯಿ ಕಚ್ಚಿ ಪಾಚಿ ಕೆರೆಯುವ ಗಾರಾ ಜಾತಿಯ ಸಣ್ಣ ಮೀನುಗಳು, ಬಸವನಹುಳು, ನೀರುಕೀಟಗಳ ಮರಿಗಳು ಅದನ್ನು ತಿನ್ನುತ್ತವೆ, ಅವನ್ನು ದೊಡ್ಡ ಮೀನುಗಳು, ಅವನ್ನು ಹಕ್ಕಿಗಳು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತರುವುದು ಸುತ್ತಲಿನ ಕೆರೆ-ಹೊಳೆಗಳಿಂದ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಆ ಊರನ್ನು ಕಾಪಾಡುವುದೆಂದರೆ ಮರ ಮತ್ತು ಗೂಡನ್ನಷ್ಟೇ ಕಾಪಾಡುವುದಲ್ಲ. ಶಿಂಷೆಯ ಕಲ್ಲಿನ ಮೇಲಿನ ಪದರವೂ ಅದರ ಒಂದು ಭಾಗ.

ಹೊಳೆಯಲ್ಲಿ ಗುರುತಿಸುವುದೂ ಕಷ್ಟ. ದಕ್ಷಿಣ ಭಾರತದ ನದಿಗಳ ರಭಸದ ಜಾಗದಲ್ಲಿ ಬಂಡೆಗೆ ಚಪ್ಪಟೆಯಾಗಿ ಅಂಟಿ ಬೆಳೆಯುವ ಪೊಡೊಸ್ಟೆಮೇಸಿ ಕುಟುಂಬದ ಸಸ್ಯಗಳು ನೋಡಲು ಪಾಚಿಯಂತೆಯೇ ಇರುತ್ತವೆ. ನೀರಿಳಿದಾಗ ಹೂ ಬಿಟ್ಟರೆ ಮಾತ್ರ ಗುಟ್ಟು ರಟ್ಟು. ಡಯಾಟಮ್‌ಗಳ ವಿಷಯದಲ್ಲಿ ನಮ್ಮ ನಾಡಿಗೆ ಹಿರಿಯರ ಆಸ್ತಿಯಿದೆ. ಎಚ್.ಪಿ. ಗಾಂಧಿ ಅವರು ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಸಾಗರ, ಜೋಗದ ಕಡೆಯ ಡಯಾಟಮ್‌ಗಳನ್ನು ತಾಳ್ಮೆಯಿಂದ ಬಿಡಿಸಿ ದಾಖಲಿಸಿದರು. ಅಂಥ ಹಳೆಯ ದಾಖಲೆ ಇದ್ದ ಕಡೆ ಇಂದು ಹೋಗಿ ಹೋಲಿಸಿದರೆ ಬದಲಾವಣೆ ಕಾಣುತ್ತದೆ. ಇಲ್ಲದ ಕಡೆ ನಾವು ಇಂದು ಬರೆದದ್ದೇ ಮುಂದಿನವರಿಗೆ ಹಳೆಯ ದಾಖಲೆ.

ಅಳೆಯುವುದು ಹೇಗೆ

ಹವಳದ ದಿಬ್ಬದಲ್ಲಿ ಬಳಸುವ ವಿಧಾನಗಳು ಮೂರು ನಾಲ್ಕು. ಇಸ್ರೇಲಿನ ಯೋಸಿ ಲೋಯಾ 1972ರಲ್ಲಿ ಐಲಾತಿನ ದಿಬ್ಬಗಳಲ್ಲಿ ಅಳತೆಯ ಹಗ್ಗ ಹಾಸಿ, ಅದರ ಕೆಳಗೆ ಯಾವುದು ಎಷ್ಟು ಉದ್ದ ಬರುತ್ತದೆ ಎಂದು ಅಳೆದರು. ಚೌಕಟ್ಟು ಇಟ್ಟು ಒಳಗಿನದನ್ನು ಎಣಿಸುವುದು ಇನ್ನೊಂದು ವಿಧಾನ. ಈಗ ಚೌಕಟ್ಟಿನ ಫೋಟೊ ತೆಗೆದು, ಅದರ ಮೇಲೆ ಕಂಪ್ಯೂಟರಿನಲ್ಲಿ ಚುಕ್ಕಿಗಳನ್ನು ಎರಚಿ, ಪ್ರತಿ ಚುಕ್ಕಿಯ ಕೆಳಗೆ ಏನಿದೆ ಎಂದು ಗುರುತಿಸುತ್ತಾರೆ. ಸೋಪಾನ, ತೂಬಿನ ಕಲ್ಲು, ನಾಲೆಯ ಕಾಂಕ್ರೀಟಿಗೆ ಈ ಫೋಟೊ ವಿಧಾನ ಚೆನ್ನಾಗಿ ಒಗ್ಗುತ್ತದೆ; ಮೊಬೈಲ್ ಫೋನು ಸಾಕು.

ಚುಕ್ಕಿಗಳ ಸಂಖ್ಯೆ ಮುಖ್ಯ. 100 ಚುಕ್ಕಿಗಳಲ್ಲಿ 30 ಪಾಚಿಯ ಮೇಲೆ ಬಿದ್ದರೆ ನಿಜವಾದ ಹರವು ಶೇ 21ರಿಂದ 39ರ ನಡುವೆ ಎಲ್ಲಾದರೂ ಇರಬಹುದು. 400 ಚುಕ್ಕಿ ಇಟ್ಟರೆ ಈ ಅನುಮಾನ ಅರ್ಧವಾಗುತ್ತದೆ. ಹಾಗೆಂದು ಒಂದೇ ಕಲ್ಲಿನ ಮೇಲೆ ಸಾವಿರ ಚುಕ್ಕಿ ಇಟ್ಟು ಫಲವಿಲ್ಲ. ಕಲ್ಲಿನಿಂದ ಕಲ್ಲಿಗೆ, ನೆರಳಿನಿಂದ ಬಿಸಿಲಿಗೆ ಇರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹೆಚ್ಚು ಕಲ್ಲುಗಳು, ಒಂದೊಂದರಲ್ಲಿ ಹದವಾದಷ್ಟು ಚುಕ್ಕಿ ಎಂಬುದೇ ಸರಿಯಾದ ದಾರಿ.

ಹರವು ಮಾತ್ರ ಅಳೆದರೆ ದಪ್ಪ ತಪ್ಪಿಹೋಗುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಪದರವೂ ಬೆರಳು ದಪ್ಪದ ಜೊಂಪೆಯೂ ಫೋಟೊದಲ್ಲಿ ಒಂದೇ. ಅದಕ್ಕಾಗಿ ಗೊತ್ತಾದ ಅಳತೆಯ ಜಾಗವನ್ನು ಕೆರೆದು, ಪ್ರಯೋಗಾಲಯದಲ್ಲಿ ಪತ್ರಹರಿತ್ತಿನ ಪ್ರಮಾಣ ನೋಡಬೇಕು. ನೀರಿನ ತಿಳಿಯನ್ನು ಅಳೆಯಲು 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಬಳಸಿದ ತಟ್ಟೆ ಇಂದಿಗೂ ಸಾಕು: ಅದನ್ನು ಹಗ್ಗದಲ್ಲಿ ಇಳಿಬಿಟ್ಟು, ಕಣ್ಮರೆಯಾಗುವ ಆಳ ಬರೆದುಕೊಳ್ಳುವುದು. ಉಪಗ್ರಹಗಳಿಂದ ಕೆರೆಯ ಹಸಿರನ್ನು ನೋಡಬಹುದು ನಿಜ. 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್-2 ಸರಣಿಯ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ 10 ಮೀಟರು ಚೌಕ. ದೊಡ್ಡ ಕೆರೆಯ ತೇಲುಪಾಚಿಗೆ ಅದು ಉಪಯುಕ್ತ. ಅಂತರಗಂಗೆಯನ್ನೂ ಪಾಚಿಯನ್ನೂ ಬೇರ್ಪಡಿಸುವಾಗ ಎಚ್ಚರ ಬೇಕು. ಕಲ್ಲಿನ ಮೇಲಿನ ಪದರವಂತೂ ಅದಕ್ಕೆ ಕಾಣುವುದೇ ಇಲ್ಲ.

ಏನಾಗಬೇಕು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ಐದು ದರ್ಜೆಗಳಾಗಿ ವಿಂಗಡಿಸುತ್ತದೆ. ಕರಗಿದ ಆಮ್ಲಜನಕ, ಕೋಲಿಫಾರ್ಮ್, ಆಮ್ಲತೆ ಮುಂತಾದವು ಆ ದರ್ಜೆಯ ಮಾನದಂಡಗಳು. ಪಾಚಿಗೆ ಅಲ್ಲಿ ಅಂಕಣವಿಲ್ಲ. ಬಾಟಲಿಯಲ್ಲಿ ತಂದ ನೀರು ಆ ಒಂದು ಗಳಿಗೆಯ ಕಥೆ ಹೇಳುತ್ತದೆ. ಕಲ್ಲಿನ ಮೇಲಿನ ಪಾಚಿ ಋತುವಿನ ಕಥೆ ಹೇಳುತ್ತದೆ. ಎರಡೂ ಬೇಕು.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪ್ರತಿ ದೊಡ್ಡ ಕೆರೆಗೂ ನಾಲೆಯ ಆಯ್ದ ಜಾಗಗಳಿಗೂ ಒಂದೊಂದು ಪಾಚಿ ಪುಸ್ತಕ ಇರಬೇಕು. ಕೆರೆಗೆ ನೀರು ಬರುವ ಬಾಯಿ, ತೂಬು, ಕೋಡಿ ಎಂಬ ಮೂರು ಗುರುತಿನ ಜಾಗ. ಗಟ್ಟಿ ಪದರ, ಕಂದು ಹಾವಸೆ, ಹಸಿರು ಎಳೆ, ತೇಲುಪಾಚಿ ಎಂಬ ನಾಲ್ಕು ಅಂಕಣ. ಇವನ್ನು ಒಂದೇ ಮೊತ್ತಕ್ಕೆ ಎಂದೂ ಕೂಡಿಸಬಾರದು. ಮುಂಗಾರಿಗೆ ಮುಂಚೆ, ನಾಲೆಗೆ ನೀರು ಬಿಟ್ಟ ಮೇಲೆ, ಕೊಯ್ಲಿನ ನಂತರ ಎಂದು ವರ್ಷಕ್ಕೆ ಮೂರು ಸಲ, ಪ್ರತಿ ಸಲ ಒಂದೇ ಹೊತ್ತಿನಲ್ಲಿ ಅಳತೆ. ಅಳೆಯುವವರು ಊರಿನ ಪ್ರೌಢಶಾಲೆ, ಕಾಲೇಜಿನ ಮಕ್ಕಳು. ಜೊತೆಗೆ ನಾಲೆಯ ಒಂದೊಂದು ಗೇಣನ್ನೂ ಬಲ್ಲ ನೀರುಗಂಟಿಗಳು. ಸೂಕ್ಷ್ಮದರ್ಶಕದ ಕೆಲಸಕ್ಕೆ ಮಂಡ್ಯದ ಕಾಲೇಜುಗಳು, ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ, ಮೈಸೂರು ವಿಶ್ವವಿದ್ಯಾನಿಲಯ ಹತ್ತಿರದಲ್ಲೇ ಇವೆ. ಪುಸ್ತಕ ಗ್ರಾಮ ಪಂಚಾಯಿತಿಯಲ್ಲಿರಲಿ, ಯಾರು ಕೇಳಿದರೂ ನೋಡಲು ಸಿಗಲಿ.

ಹೂಳೆತ್ತುವ, ನಾಲೆ ಆಧುನೀಕರಿಸುವ ಕಾಮಗಾರಿಗಳಿಗೆ ಕೋಟಿಗಟ್ಟಲೆ ಹಣ ಹರಿಯುತ್ತದೆ. ಕಾಮಗಾರಿ ಮುಗಿದ ಮೇಲೆ ನೀರು ಸುಧಾರಿಸಿತೋ ಇಲ್ಲವೋ ಎಂದು ಹೇಳಲು ಮೊದಲಿನ ಅಳತೆಯೊಂದು ಇರಲೇಬೇಕು. ಜಮೈಕಾದಲ್ಲಿ ಅಳತೆ ಇತ್ತು, ಆದ್ದರಿಂದ ಅಲ್ಲಿ ಕಳೆದುಕೊಂಡದ್ದು ಏನೆಂದು ಗೊತ್ತಾಯಿತು. ನಮ್ಮ ಕೆರೆಗಳು ಇನ್ನೂ ಉಳಿಸಿಕೊಳ್ಳಬಹುದಾದ ಸ್ಥಿತಿಯಲ್ಲಿವೆ. ಮುಂದಿನ ಹಂಗಾಮಿಗೆ ನಾಲೆಯ ಗೇಟು ಎತ್ತುವ ಮೊದಲು ಪುಸ್ತಕದ ಮೊದಲ ಪುಟ ಬರೆದಿರಬೇಕು. ಅದಕ್ಕೆ ಬೇಕಾದದ್ದು ಮರದ ಒಂದು ಚೌಕಟ್ಟು, ಒಂದು ಫೋನು ಮತ್ತು ಬರೆದಿಡುವ ಮನಸ್ಸು.